ಅಕ್ಕನ ‘ಸರ್ಕೋ’ ಆಟ

ಊರಿನ ಚೆಸ್ ಆಟಗಾರರು ಅವಳನ್ನು ಹಲ್ಲಿನಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳದೇನೂ ಉಬ್ಬುಹಲ್ಲಲ್ಲ. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಬೇರೆಯವರಿಗೆ ಹಲ್ಲಿನ ಸೆಟ್ ಮಾಡಿಕೊಡುವುದು ಅವಳ ಕೆಲಸ. ಮುಂದಿನ ಕೋಣೆಯಿಂದ ಬಾಯಿಯ ಅಚ್ಚು ಬರುತ್ತದೆ. ಅದಕ್ಕೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ, ಗುಲಾಬಿ ಬಣ್ಣದ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲನ್ನು ಚಿಮಟದಲ್ಲಿ ಹಿಡಿದು ಕೂರಿಸಬೇಕು. ಮೇಲಿನ ಸಾಲು ಕೆಳಗಿನ ಸಾಲನ್ನು ಸರಿಯಾಗಿ ಕಚ್ಚದಿದ್ದರೆ ಎಲ್ಲ ಕಿತ್ತು ಮತ್ತೆ ಮೊದಲಿನಿಂದ. ಬೆಳಗಿನಿಂದ ಸಂಜೆಯವರೆಗೆ ಬಾಯಿಗಳ ನಡುವೆಯೇ ಇದ್ದರೂ ಅವಳ ಹತ್ತಿರ ಮಾತಾಡುವವರು ಒಬ್ಬರೂ ಇರಲಿಲ್ಲ.

ಮನೆಗೆ ಹೋದರೆ ಮಾತಿಗೆ ಬರವಿರಲಿಲ್ಲ. ಅಲ್ಲಿ ಅವಳ ಸ್ವಂತ ಅಕ್ಕ ಇದ್ದಳು. ಅಕ್ಕನದು ದೊಡ್ಡಾಸ್ಪತ್ರೆಯ ಟೆಲಿಫೋನ್ ಬೋರ್ಡಿನ ಕೆಲಸ. ಇಡೀ ದಿನ “ಒಂದ್ನಿಮಿಷ ಇರಿ, ಕೊಡ್ತೀನಿ” ಎಂದು ಹೇಳಿ ಹೇಳಿ ಬಂದರೂ ಅವಳ ಬಾಯಿಗೆ ದಣಿವೆಂಬುದು ಗೊತ್ತಿರಲಿಲ್ಲ. ಚಪ್ಪಲಿ ಬಿಡುವಾಗ ಶುರುವಾದ ಮಾತು ದೀಪ ಆರಿಸುವವರೆಗೂ ನಡೆಯುತ್ತಿತ್ತು. ತಾಯಿ ಹೋದಾಗ ತಂಗಿ ಇನ್ನೂ ಲಂಗ ತೊಡುವ ಹುಡುಗಿ. ಅವಳಿಗೆ ಜಡೆ ಹೆಣೆದವಳು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟವಳು, ಕೆಲಸ ಕಲಿಯಲು ಕಳಿಸಿದವಳು, ಎಲ್ಲ ಅಕ್ಕನೇ. ತಂಗಿಯದೊಂದು ದಾರಿಯಾಗಲಿ ಎಂದು ಅಕ್ಕ ಮದುವೆಯ ಮಾತನ್ನು ಮುಂದಕ್ಕೆ ಹಾಕುತ್ತ ಹೋದಳು. ತಂಗಿಯ ವಿಷಯದಲ್ಲಾದರೆ, ಕೇಳಿದವರು ಅವಳಿಗೆ ಹಿಡಿಸಲಿಲ್ಲ, ಹಿಡಿಸಿದವರು ಕೇಳಲಿಲ್ಲ. ಹೀಗೇ ಇಬ್ಬರ ತಲೆಯಲ್ಲೂ ಬಿಳಿ ಕೂದಲು ಇಣುಕಿತು.

ಚೆಸ್ ಕೂಡ ಅಕ್ಕನೇ ಕಲಿಸಿದ್ದು. ಅವಳಿಗೆ ಕಲಿಸಿದ್ದು ಆಸ್ಪತ್ರೆಯ ಗೇಟಿನ ಕಾವಲುಗಾರ. ಊಟವಾದ ಮೇಲೆ ಮೇಜು ಒರೆಸಿ ಬೋರ್ಡು ಹಾಸಿದರೆ ಬಿಳಿ ಕಾಯಿ ಯಾವಾಗಲೂ ಅಕ್ಕನಿಗೆ. “ದೊಡ್ಡವಳು ನಾನು” ಎನ್ನುವುದೇ ಅದಕ್ಕೆ ಕಾನೂನು. ಮತ್ತು ಅಕ್ಕ ಆಡುತ್ತಿದ್ದುದು ಒಂದೇ ಓಪನಿಂಗ್. ಮೊದಲು ರಾಜನ ಮುಂದಿನ ಕಾಲಾಳು. ಅದರ ಹಿಂದೆಯೇ ಪಕ್ಕದ ಒಂಟೆಯ ಕಾಲಾಳನ್ನು ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಮುಂದೆ ಇಡುವುದು, ತಗೋ ತಿನ್ನು ಎಂದು. ತಂಗಿ ತಿನ್ನುತ್ತಿದ್ದಳು. ರಾಣಿಯನ್ನು ಹೊರಗೆ ತಂದು ಚೆಕ್ ಕೊಡುತ್ತಿದ್ದಳು. ಅಕ್ಕನ ರಾಜ ಒಂದು ಮನೆ ಪಕ್ಕಕ್ಕೆ ಸರಿಯುತ್ತಿದ್ದ. ಇಷ್ಟು ಯಾರಾದರೂ ಆಡುವಂಥದ್ದೇ. ಆದರೆ ಇನ್ನೊಂದಷ್ಟು ನಡೆಗಳಾದ ಮೇಲೆ, ಯಾರೂ ಚೆಕ್ ಕೊಡದಿದ್ದರೂ, ಅಕ್ಕ ತಾನಾಗಿಯೇ ರಾಜನನ್ನು ಇನ್ನೊಂದು ಮನೆ ಸರಿಸಿ ಮೂಲೆಯ ಆನೆಯ ಮಗ್ಗುಲಲ್ಲಿ ಕೂರಿಸುತ್ತಿದ್ದಳು. ಮೊದಲ ಸಲ ಹಾಗೆ ಆಡಿದಾಗ “ಸ್ವಲ್ಪ ಸರ್ಕೋ ಮಾರಾಯ” ಎಂದು ರಾಜನ ತಲೆಗೆ ಬೆರಳಿನಿಂದ ಮೊಟಕಿದ್ದಳು. ಚಿಕ್ಕಂದಿನಲ್ಲಿ ಇಬ್ಬರೂ ಮಲಗುತ್ತಿದ್ದುದು ಒಂದೇ ಕಿರಿದಾದ ಮಂಚದ ಮೇಲೆ. ಕೆಲಸ ಮುಗಿಸಿ ಬಂದ ಅಕ್ಕ ಅರೆನಿದ್ದೆಯ ತಂಗಿಗೆ ಹೇಳುತ್ತಿದ್ದ ಮಾತೂ ಅದೇ. ಹಾಗಾಗಿ ಓಪನಿಂಗಿಗೆ ‘ಸರ್ಕೋ’ ಎಂದೇ ಹೆಸರು ನಿಂತಿತು.

ನೋಡಲು ಪೆದ್ದು ನಡೆ, ಒಳಗೆ ಮಾತ್ರ ಭಾರಿ ಕಿಲಾಡಿ. ರಾಜ ಪಕ್ಕದಲ್ಲಿ ಬಂದು ಕೂತರೆ ಮೂಲೆಯ ಆನೆಗೆ ಕಾವಲು ಸಿಕ್ಕಿತು. ಮುಂದಿನ ನಡೆಯಲ್ಲಿ ಆನೆಯ ಎದುರಿನ ಕಾಲಾಳು ಪಕ್ಕದ ಮನೆಗೆ ಹಾರಿ ಹೊಡೆದರೆ ದಾರಿ ತೆರವಾಗಿ ತಂಗಿಯ ರಾಣಿ ನೇರ ಆನೆಯ ಬಾಯಿಗೆ. ತಂಗಿ ರಾಣಿಯನ್ನು ಎತ್ತಿಕೊಂಡು ಓಡಬೇಕು. ಓಡುವಷ್ಟರಲ್ಲಿ ಆಟ ಅಕ್ಕನದು. ಎಷ್ಟೋ ವರ್ಷ ಹೀಗೇ ಸೋತಳು. ಸೋತರೂ ಬೇಸರವಿರಲಿಲ್ಲ. ಟೂರ್ನಿಗಳಿಗೆ ಹೋಗುತ್ತಿದ್ದವಳು ತಂಗಿಯೊಬ್ಬಳೇ. “ಬಾಯಿ ಮುಚ್ಕೊಂಡು ಆಡೋ ಆಟ ನನಗೆ ಬೇಡ ತಾಯಿ” ಎಂದು ಅಕ್ಕ ಅತ್ತ ತಲೆ ಹಾಕುತ್ತಿರಲಿಲ್ಲ.

ಅಂಥ ಒಂದು ಟೂರ್ನಿಯಲ್ಲಿ ಪರಿಚಯವಾದವನು ಲಿಫ್ಟ್ ರಿಪೇರಿಯವನು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಯಾವುದೋ ಕಟ್ಟಡದಲ್ಲಿ ಸ್ಪಾನರ್ ಜಾರಿ ಮುಖಕ್ಕೆ ಬಡಿದು ಮುಂದಿನ ನಾಲ್ಕು ಹಲ್ಲು ಉದುರಿದ್ದವು. ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದ. ಹಲ್ಲಿನಕ್ಕ ಅವನನ್ನು ತನ್ನ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ, ನಾಲ್ಕು ಹಲ್ಲನ್ನೂ ತಾನೇ ಕೂರಿಸಿದಳು. ಎರಡನೆಯದನ್ನು ಒಂದಿಷ್ಟು ವಾರೆ ಇಟ್ಟಳು, ತೀರ ಸಾಲಾಗಿದ್ದರೆ ಸುಳ್ಳುಹಲ್ಲು ಎಂದು ಗೊತ್ತಾಗುತ್ತದೆ. ಹಲ್ಲು ಬಂದ ಖುಷಿಗೆ ಅವನು ಒಂದು ಭಾನುವಾರ ಮನೆಗೆ ಬಂದು ಧನ್ಯವಾದ ಹೇಳಿದ. ಅಕ್ಕ ಚಹಾ ಕೊಟ್ಟು ಮಾತಿಗೆ ಕೂತಳು. ಅವನು ನಕ್ಕ.

“ಎಷ್ಟು ಚೆನ್ನಾಗಿ ನಗ್ತಾನಲ್ಲೇ ಮನುಷ್ಯ!” ಎಂದಳು ಅಕ್ಕ, ಅವನು ಹೋದ ಮೇಲೆ.

“ಮುಂದಿನ ನಾಲ್ಕು ನಂದು,” ಎಂದಳು ತಂಗಿ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುವರ್ಷ ಅಕ್ಕನೂ ಲಿಫ್ಟಿನವನೂ ಕಚೇರಿಯೊಂದರಲ್ಲಿ ಸಹಿ ಹಾಕಿ ಮದುವೆಯಾದರು. ಅಕ್ಕನಿಗೆ ಆಗ ಐವತ್ತು ದಾಟಿತ್ತು. ಸಾಕ್ಷಿಯ ಸಹಿ ತಂಗಿಯದು. ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು, ಅದರಲ್ಲಿ ಕಪಟವಿರಲಿಲ್ಲ. ಸ್ವಲ್ಪ ದಿನಕ್ಕೆ ಭಾವನ ಕಂಪನಿ ಅವನನ್ನು ಬೇರೆ ಊರಿಗೆ ವರ್ಗ ಮಾಡಿತು, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅಕ್ಕ ಕೆಲಸ ಬಿಟ್ಟು ಹೊರಟಳು. ಬಸ್ ಹೊರಡುವವರೆಗೂ ಕಿಟಕಿಯಿಂದ ತಲೆ ಹಾಕಿ ಗ್ಯಾಸ್ ಆಫ್ ಮಾಡೋದು ಮರೀಬೇಡ, ಹಾಲಿನವನಿಗೆ ಕಡಿಮೆ ಹಾಕೋಕೆ ಹೇಳು, ಬಾಗಿಲ ಮೇಲಿನ ಚಿಲಕ ಹಾಕ್ಕೋ ಎನ್ನುತ್ತಲೇ ಇದ್ದಳು.

ಅಕ್ಕ ಹೋದ ಮೇಲೆ ತಂಗಿಗೆ ಮೊದಲು ಗೊತ್ತಾದದ್ದು ಮನೆಯಲ್ಲಿ ಎಷ್ಟೆಲ್ಲ ಸದ್ದುಗಳಿದ್ದವು ಎಂಬುದು. ಫ್ರಿಜ್ಜು ಗೊರಗುಟ್ಟುತ್ತಿತ್ತು. ಮೇಲಿನ ಮನೆಯವರು ಕುರ್ಚಿ ಎಳೆಯುತ್ತಿದ್ದರು. ಇಷ್ಟು ವರ್ಷ ಇವೆಲ್ಲ ಅಕ್ಕನ ಮಾತಿನ ಅಡಿಯಲ್ಲಿ ಮುಚ್ಚಿಹೋಗಿದ್ದವು. ಕ್ಲಿನಿಕ್ಕಿನಲ್ಲೂ ಮಾತಿಲ್ಲ, ಮನೆಯಲ್ಲೂ ಇಲ್ಲ. ಕೆಲವು ಸಲ ಸೋಮವಾರ ಬೆಳಿಗ್ಗೆ ಡಾಕ್ಟರಿಗೆ ನಮಸ್ಕಾರ ಹೇಳುವಾಗ ಗಂಟಲು ಕಟ್ಟಿಕೊಂಡು, ಶನಿವಾರ ಸಂಜೆಯಿಂದ ತಾನು ಬಾಯಿ ಬಿಟ್ಟೇ ಇಲ್ಲ ಎಂದು ಅವಳಿಗೆ ಹೊಳೆಯುತ್ತಿತ್ತು. ಅಕ್ಕ ಫೋನ್ ಮಾಡುತ್ತಿದ್ದಳು. ಮೊದಮೊದಲು ದಿನಾ, ಆಮೇಲೆ ಬಿಡುವಾದಾಗ.

ಊಟವಾದ ಮೇಲೆ ತಂಗಿ ಅಭ್ಯಾಸಬಲದಿಂದ ಬೋರ್ಡು ಹಾಸುತ್ತಿದ್ದಳು. ಅಕ್ಕನ ಕಾಯಿಗಳನ್ನೂ ತಾನೇ ನಡೆಸುತ್ತಿದ್ದಳು. ‘ಸರ್ಕೋ’ ಬಂದಾಗ ನಿಲ್ಲುತ್ತಿದ್ದಳು. ಅಕ್ಕ ಎದುರಿಗಿದ್ದಾಗ ಅವಳ ಹರಟೆಗೆ ಕಿವಿ ಕೊಡುತ್ತ ಯೋಚಿಸಲು ಪುರಸೊತ್ತೇ ಸಿಗುತ್ತಿರಲಿಲ್ಲ, ಈಗ ಬೇಕಾದಷ್ಟಿತ್ತು. ಹೀಗೆ ಎಷ್ಟೋ ಸಂಜೆ ಕೂತು ಕೂತು, ಒಂದು ದಿನ ಉತ್ತರ ಸಿಕ್ಕಿತು. ರಾಣಿಯನ್ನು ಓಡಿಸಬಾರದು. ಬದಲಿಗೆ ಕಾಲಾಳನ್ನು ಮುಂದೆ ನುಗ್ಗಿಸಿ ಬಿಳಿಯ ಕುದುರೆಯನ್ನು ಹಿಂದಕ್ಕೆ ಅಟ್ಟಬೇಕು. ಆಮೇಲೆ, ಶುರುವಿನಲ್ಲಿ ಅಕ್ಕನ ಕಾಲಾಳನ್ನು ತಿಂದು ಅಲ್ಲೇ ಕೂತಿದೆಯಲ್ಲ, ಆ ಕಾಲಾಳನ್ನೇ ಒಂದು ಹೆಜ್ಜೆ ತಳ್ಳಿ ಬಲಿಕೊಡಬೇಕು. ಹೊಡೆದರೆ ರಾಜನ ಎದುರಿನ ಗೋಡೆ ಒಡೆಯುತ್ತದೆ. ಹೊಡೆಯದೆ ಬಿಟ್ಟರೆ ಅದು ಗಂಟಲಿಗೆ ಸಿಕ್ಕ ಮುಳ್ಳು. ತಂಗಿ ಎದ್ದು ನಿಂತಳು. “ಅಕ್ಕಾ!” ಎಂದು ಕೂಗಿಯೂ ಬಿಟ್ಟಳು. ಆಮೇಲೆ ನಾಚಿಕೊಂಡು ಕೂತಳು.

ಫೋನಿನಲ್ಲಿ ಹೇಳಲಿಲ್ಲ. ಎದುರಿಗೆ ಕೂತು ಅಕ್ಕನ ಮುಖ ನೋಡಬೇಕು ಎಂದಿತ್ತು. ಅಕ್ಕ ಒಂದು ಸಲ ಬಂದಳು, ಗಂಡನ ಜೊತೆ, ಒಂದೇ ಹಗಲಿನ ಮಟ್ಟಿಗೆ. ನೆರೆಯವರು ಬಂದರು, ಆಸ್ಪತ್ರೆಯ ಹಳೇ ಗೆಳತಿಯರು ಬಂದರು. ಬೋರ್ಡು ಹಾಸುವ ಮಾತು ಬರಲೇ ಇಲ್ಲ. ತಂಗಿ ಅದನ್ನು ಮನಸ್ಸಿನಲ್ಲೇ ಗಂಟು ಕಟ್ಟಿಟ್ಟುಕೊಂಡಳು.

ಊರಿನ ವಾರ್ಷಿಕ ಟೂರ್ನಿ ನಡೆಯುವುದು ಈಜುಕೊಳದ ಮೇಲಿನ ಹಾಲಿನಲ್ಲಿ. ಕೆಳಗಿನಿಂದ ಕ್ಲೋರಿನ್ ವಾಸನೆಯೂ ನೀರಿಗೆ ಧುಮುಕುವ ಸದ್ದೂ ಮೇಲಕ್ಕೆ ಬರುತ್ತವೆ. ಮೇಲೆ ಸಾಲು ಮೇಜುಗಳ ಮುಂದೆ ಜನ ತುಟಿ ಹೊಲಿದುಕೊಂಡು ಕೂತಿರುತ್ತಾರೆ. ಆ ವರ್ಷ ಭಾವನೂ ಆಡಲು ಬಂದಿದ್ದ. ಅಕ್ಕ ಬಂದಿರಲಿಲ್ಲ, ಮಂಡಿನೋವು. ಭಾವ ಕಂಪನಿಯ ರೂಮಿನಲ್ಲಿ ಉಳಿದುಕೊಂಡು, ಅಕ್ಕ ಕಳಿಸಿದ ಒಂದು ಸ್ವೆಟರನ್ನು ತಂದುಕೊಟ್ಟ. ಎರಡನೆಯ ದಿನ ಬೆಳಿಗ್ಗೆ ಗೋಡೆಗೆ ಅಂಟಿಸಿದ ಜೋಡಿಗಳ ಹಾಳೆಯಲ್ಲಿ ನೋಡಿದರೆ ಅವಳಿಗೆ ಎದುರಾಳಿ ಭಾವ. ಬಿಳಿ ಅವನಿಗೆ.

“ಸೋತ್ರೆ ಮನೇಲಿ ಊಟ ಹಾಕಲ್ವಂತೆ ನಿಮ್ಮಕ್ಕ,” ಎಂದ ಭಾವ, ಕುರ್ಚಿ ಎಳೆದುಕೊಳ್ಳುತ್ತ.

“ಯಾರು ಸೋತ್ರೆ ಭಾವ? ನೀವಾ, ನಾನಾ?”

“ಅದನ್ನ ಹೇಳ್ಲಿಲ್ಲ.”

ಕೈ ಕುಲುಕಿ ಗಡಿಯಾರ ಒತ್ತಿದರು. ಭಾವನ ಆಟ ಅವಳಿಗೆ ಗೊತ್ತಿತ್ತು. ರಾಣಿಯ ಮುಂದಿನ ಕಾಲಾಳಿನಿಂದ ಶುರುಮಾಡಿ, ಎಲ್ಲ ಕಾಯಿಗಳನ್ನೂ ಸ್ಕ್ರೂ ಬಿಗಿದ ಹಾಗೆ ಒಂದೊಂದಾಗಿ ಬಿಗಿಯುತ್ತ ಹೋಗುವ ಜಾಗರೂಕ ಮನುಷ್ಯ. ಇವತ್ತು ಅವನು ರಾಜನ ಕಾಲಾಳನ್ನು ಮುಟ್ಟಿದ. ಅವಳಿಗೆ ಸ್ವಲ್ಪ ಆಶ್ಚರ್ಯವಾಯಿತು. ಮುಂದಿನ ನಡೆಗೆ ಒಂಟೆಯ ಕಾಲಾಳನ್ನು ಎರಡು ಮನೆ ತಳ್ಳಿದ. ಅವಳು ತಲೆಯೆತ್ತಿ ನೋಡಿದಳು. ಭಾವ ಬೋರ್ಡನ್ನೇ ನೋಡುತ್ತಿದ್ದ, ಪಾಠ ಒಪ್ಪಿಸುವ ಮಕ್ಕಳ ಹಾಗೆ.

ಅವಳು ಕಾಲಾಳನ್ನು ಹೊಡೆದಳು. ರಾಣಿಯನ್ನು ತಂದಳು, ಚೆಕ್ ಕೊಟ್ಟಳು. ಕೈ ತಾನಾಗಿ ಆಡುತ್ತಿತ್ತು. ಪುಸ್ತಕ ಓದಿ ಯಾರಾದರೂ ಇಷ್ಟು ಆಡಬಹುದು, ಇದರಲ್ಲೇನಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಅಷ್ಟರಲ್ಲಿ ಭಾವ ರಾಜನನ್ನು ಎರಡು ಬೆರಳಲ್ಲಿ ಹಿಡಿದು ಆನೆಯ ಮಗ್ಗುಲಿಗೆ ಸರಿಸಿದ. ಸರಿಸಿ, ತೀರ್ಪುಗಾರನಿಗೆ ಕೇಳಿಸದ ಹಾಗೆ, ಅವಳನ್ನು ನೋಡಿ ನಗುತ್ತ, “ಸರ್ಕೋ” ಎಂದ.

ಅವನ ನಗುವಿನಲ್ಲಿ ಕುಹಕವೇನೂ ಇರಲಿಲ್ಲ. ಮನೆಯವರ ತಮಾಷೆಯಲ್ಲಿ ತನಗೂ ಒಂದು ಪಾಲು ಸಿಕ್ಕಿತಲ್ಲ ಎಂಬ ಹಿಗ್ಗು, ಅಷ್ಟೇ. ಆದರೆ ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನಡೆ ಕಲಿಸಿದ್ದರೆ ಕಲಿಸಲಿ. ಆ ಮಾತನ್ನು ಕೂಡ ಕೊಟ್ಟಳೇ?

ಅವಳು ಎದ್ದು ಕಿಟಕಿಯ ಹತ್ತಿರ ಹೋದಳು. ಗಡಿಯಾರದಲ್ಲಿ ಅವಳ ಸಮಯ ಓಡುತ್ತಿತ್ತು. ಕೆಳಗೆ ಹೆಂಗಸೊಬ್ಬಳು ಕೊಳದ ಆ ತುದಿಯಿಂದ ಈ ತುದಿಗೆ, ಮತ್ತೆ ಆ ತುದಿಗೆ ಈಜುತ್ತಿದ್ದಳು. ಕೊಳದಲ್ಲಿ ಬೇರೆ ಯಾರೂ ಇರಲಿಲ್ಲ. ಹಲ್ಲಿನಕ್ಕನ ಹತ್ತಿರ ಉತ್ತರವಿತ್ತು. ಆದರೆ ಅದನ್ನು ಅವಳು ಇಟ್ಟುಕೊಂಡಿದ್ದು ಅಕ್ಕನಿಗಾಗಿ. ಇಲ್ಲಿ ಆಡಿದರೆ ನಾಳೆಯೇ ಭಾವ ಅದನ್ನು ಅಕ್ಕನ ಮುಂದೆ ಬಿಡಿಸಿ ತೋರಿಸುತ್ತಾನೆ. ತನಗೆ ಬೇಕಾಗಿದ್ದ ಆ ಮುಖವನ್ನು ಅವನು ನೋಡುತ್ತಾನೆ. ಆಡದಿದ್ದರೆ ಹಳೆಯ ಹಾಗೆ ರಾಣಿಯನ್ನು ಎತ್ತಿಕೊಂಡು ಓಡಿ ಸೋಲಬೇಕು. ಅಕ್ಕನ ಎದುರು ಎಷ್ಟು ಸಲ ಬೇಕಾದರೂ ಸೋತಾಳು. ಅಕ್ಕನ ಆಟಕ್ಕೆ ಇನ್ನೊಬ್ಬರ ಕೈಯಲ್ಲಿ ಸೋಲಲು ಮನಸ್ಸು ಒಪ್ಪಲಿಲ್ಲ.

ಬಂದು ಕೂತು ಕಾಲಾಳನ್ನು ನುಗ್ಗಿಸಿದಳು. ಭಾವನ ಕುದುರೆ ಹಿಂದಕ್ಕೆ ಹೋಯಿತು. ಆಮೇಲೆ ಆ ಹಳೆಯ ಕಾಲಾಳನ್ನು ಒಂದು ಹೆಜ್ಜೆ ತಳ್ಳಿದಳು. ಭಾವನ ನಗು ನಿಂತಿತು. ಪಾಠ ಅಲ್ಲಿಗೆ ಮುಗಿದಿತ್ತು. ಅವನು ಹಣೆ ಉಜ್ಜಿಕೊಂಡ, ನೀರು ಕುಡಿದ, ಕೊನೆಗೆ ಹೊಡೆದ. ರಾಜನ ಎದುರಿನ ಸಾಲು ತೆರೆದುಕೊಂಡಿತು. ಅವಳ ಒಂಟೆ ಬಂತು, ಆನೆ ಬಂತು. ಊಟದ ಬಿಡುವಿಗೆ ಮೊದಲೇ ಭಾವ ರಾಜನನ್ನು ಮಲಗಿಸಿ ಕೈ ಚಾಚಿದ.

ಹೊರಗೆ ಮೆಟ್ಟಿಲ ಮೇಲೆ ಅವನು ಸೋಲನ್ನು ಆಗಲೇ ಮರೆತಿದ್ದ. “ಅಲ್ರೀ, ಇದೆಲ್ಲಿತ್ತು ಇಷ್ಟು ದಿನ? ಇದಕ್ಕೆ ನಿಮ್ಮ ಹತ್ರ ಉತ್ತರಾನೇ ಇಲ್ಲ ಅಂದಿದ್ಲು ನಿಮ್ಮಕ್ಕ! ಇವತ್ತೇ ಫೋನಲ್ಲಿ ಹೇಳ್ತೀನಿ ನೋಡಿ, ಬಿದ್ದು ಬಿದ್ದು ನಗ್ತಾಳೆ.”

“ಭಾವ, ಒಂದು ಮಾತು.”

“ಹೇಳಿ.”

“ಗೆದ್ದೆ ಅಂತ ಬೇಕಾದ್ರೆ ಹೇಳಿ. ಹೇಗೆ ಅಂತ ಹೇಳ್ಬೇಡಿ. ನಾನೇ ಬಂದು ತೋರಿಸ್ತೀನಿ.”

ಭಾವ ಅವಳ ಮುಖ ನೋಡಿದ. ಅರ್ಥವಾಯಿತೋ ಇಲ್ಲವೋ, “ಆಯ್ತು. ನನ್ನ ಬಾಯಿಗೆ ಬೀಗ,” ಎಂದ.

ಮುಂದಿನ ಭಾನುವಾರವೇ ಅವಳು ಮೊದಲ ಬಸ್ಸು ಹಿಡಿದು ಹೋದಳು. ಅಕ್ಕ ಬಾಗಿಲಲ್ಲೇ ಶುರುಮಾಡಿದಳು: ಸ್ವೆಟರ್ ಯಾಕೆ ಹಾಕ್ಕೊಂಡಿಲ್ಲ, ಎಷ್ಟು ಸೊರಗಿದ್ದೀಯ, ಮೊದಲು ಕಾಲು ತೊಳ್ಕೋ. ಹೊಸ ಮನೆ ಚೆನ್ನಾಗಿತ್ತು, ಬೆಳಕು ಧಾರಾಳ. ಒಲೆಯ ಪಕ್ಕದಲ್ಲಿ ಎರಡು ಲೋಟ ಬೋರಲು ಹಾಕಿತ್ತು. ಊಟ ಮುಗಿದದ್ದೇ ಭಾವ “ಪಕ್ಕದ ಕಟ್ಟಡದ ಲಿಫ್ಟು ಒಂಚೂರು ನೋಡ್ಬೇಕು” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ.

“ಭಾನುವಾರ ಯಾವ ಲಿಫ್ಟು ಇವರಿಗೆ?” ಎಂದಳು ಅಕ್ಕ. ತಂಗಿ ಮೇಜು ಒರೆಸಿದಳು.

ಬೋರ್ಡಿನ ಮುಂದೆ ಕೂತ ಮೇಲೆ, ಕಾಯಿ ಜೋಡಿಸುತ್ತ ಜೋಡಿಸುತ್ತ ಕೇಳಿಬಿಟ್ಟಳು.

“ಅದನ್ನ ಯಾಕೆ ಹೇಳ್ಕೊಟ್ಟೆ ಅವರಿಗೆ?”

“ಯಾವುದನ್ನ?”

“ಸರ್ಕೋನ.”

ಅಕ್ಕನ ಕೈಯಲ್ಲಿ ಕುದುರೆ ಇತ್ತು. ಅದನ್ನು ಇಡಬೇಕಾದ ಮನೆಯಲ್ಲಿ ಇಟ್ಟು, ನೆಟ್ಟಗೆ ಮಾಡಿ, ಮತ್ತೆ ನೆಟ್ಟಗೆ ಮಾಡಿದಳು.

“ನನಗೆ ಬರೋದು ಅದೊಂದೇ ಅಲ್ವೇನೇ,” ಎಂದಳು. “ಸಂಜೆ ಇವರ ಜೊತೆ ಕೂತ್ರೆ ಇನ್ನೇನು ಆಡ್ಲಿ? ಆಡಿದೆ. ಏನಿದು ಅಂದ್ರು, ಹೇಳ್ದೆ.”

“ಹೆಸರೂ ಹೇಳ್ದೆ.”

“ಬಾಯಿಗೆ ಬಂತು ಕಣೇ. ನಡೆ ಇಟ್ಟರೆ ಮಾತು ತಾನಾಗೇ ಬರುತ್ತೆ.” ಇನ್ನೊಂದು ಕಾಯಿ ಎತ್ತಿಕೊಂಡು ಮುಂದುವರಿಸಿದಳು: “ಇವರು ಒಳ್ಳೆಯವರೇ. ಆದ್ರೆ ಚೆಸ್ ಆಡುವಾಗ ಒಂದು ಮಾತೂ ಆಡಲ್ಲ. ಲಿಫ್ಟಿನೊಳಗೆ ನಿಂತ ಹಾಗೆ ಕೂತಿರ್ತಾರೆ. ನಿನ್ನ ಹಾಗೆ ನನ್ನ ಮಾತಿಗೆ ಹೂಂ ಅನ್ನೋರು ಯಾರೂ ಇಲ್ಲ ಇಲ್ಲಿ.”

ತಂಗಿ ಕೊನೆಯ ಕಾಯಿಯನ್ನೂ ಇಟ್ಟು, “ಆಡು,” ಎಂದಳು.

ಅಕ್ಕ ಆಡಿದಳು. ಕಾಲಾಳು, ಒಂಟೆಯ ಕಾಲಾಳು, ಒಂಟೆ. ಮಂಡಿನೋವಿನ ಕತೆ, ಎದುರುಮನೆಯವಳ ಜಂಬದ ಕತೆ, ಎಲ್ಲ ಜೊತೆಜೊತೆಗೇ ನಡೆಯಿತು, ತಂಗಿ ಹೂಂಗುಟ್ಟಿದಳು. ರಾಜ ಆನೆಯ ಮಗ್ಗುಲಿಗೆ ಬಂದ. ಅಕ್ಕ ಈ ಸಲ ‘ಸರ್ಕೋ’ ಅನ್ನಲಿಲ್ಲ. ತಂಗಿ ಕಾಲಾಳನ್ನು ನುಗ್ಗಿಸಿ, ಕುದುರೆಯನ್ನು ಅಟ್ಟಿ, ಆ ಹಳೆಯ ಕಾಲಾಳನ್ನು ತಳ್ಳಿದಳು. ತಳ್ಳಿ ಕೈ ಮಡಿಲಲ್ಲಿಟ್ಟುಕೊಂಡಳು.

ಎದುರುಮನೆಯವಳ ಕತೆ ಅರ್ಧಕ್ಕೇ ನಿಂತಿತು. ಅಕ್ಕ ಬೋರ್ಡಿಗೆ ಬಾಗಿದಳು. ಹೊಡೆದು ನೋಡಿದಳು, ವಾಪಸ್ ಇಟ್ಟಳು, ಹೊಡೆಯದೆ ನೋಡಿದಳು. ತಂಗಿ ಆ ಮುಖವನ್ನೇ ನೋಡುತ್ತ ಕೂತಳು. ಅಷ್ಟು ಹೊತ್ತು ಅಕ್ಕ ಮಾತಿಲ್ಲದೆ ಇದ್ದುದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

“ಇದನ್ನ ಯಾವಾಗ ಕಂಡ್ಕೊಂಡೆ?”

“ನೀನು ಹೋದ ಮೇಲೆ.”

“ಒಬ್ಬಳೇ ಕೂತ್ಕೊಂಡಾ?”

“ಮತ್ತಿನ್ಯಾರ ಜೊತೆ?”

ಅಕ್ಕ ಕೈ ಚಾಚಿ ತಂಗಿಯ ಮಣಿಕಟ್ಟು ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. ತಂಗಿ ಅತ್ತ ನೋಡಲಿಲ್ಲ. ಆಮೇಲೆ ಅಕ್ಕನೇ ಮೂಗೊರೆಸಿಕೊಂಡು ನಕ್ಕಳು. “ಕಳ್ಳಿ! ಹಾಗಾದ್ರೆ ಇದು ಮುಗೀತಲ್ಲೇ. ಇನ್ನು ನಾನು ಇದನ್ನ ನಿನ್ನ ಮೇಲೆ ಆಡೋ ಹಾಗಿಲ್ಲ.”

“ಇಲ್ಲ,” ಎಂದಳು ತಂಗಿ. ಹೇಳಿದ ಮೇಲೆ ಆ ಮಾತಿನ ಅರ್ಥ ಅವಳಿಗೂ ತಟ್ಟಿತು.

“ಮುಂದಿನ ಸಲಕ್ಕೆ ಬೇರೆ ಏನಾದ್ರೂ ಕಲ್ತಿರ್ತೀನಿ ಬಿಡು. ಇಲ್ಲೇ ಇದ್ದುಬಿಡೇ ನಾಲ್ಕು ದಿನ.”

“ಮೂರು ಸೆಟ್ ಅರ್ಧಕ್ಕೆ ನಿಂತಿದೆ ಅಕ್ಕ. ಹಲ್ಲಿಲ್ಲದೆ ಕಾಯ್ತಿರ್ತಾರೆ ಪಾಪ.”

ಸಂಜೆಯ ಬಸ್ಸಿಗೆ ಭಾವ ಬಿಡಲು ಬಂದ. ಏನಂದಳು ಎಂದು ಅವನು ಕೇಳಿದ್ದಕ್ಕೆ, “ತುಂಬಾ ಹೊತ್ತು ಏನೂ ಅನ್ಲಿಲ್ಲ,” ಎಂದಳು. ಭಾವ ನಂಬಲಿಲ್ಲ.

ಬಸ್ಸು ಊರು ದಾಟಿತು. ಬಯಸಿದ್ದೆಲ್ಲ ಆಗಿತ್ತು, ಅಕ್ಕನ ಮುಖ ನೋಡಿಯೂ ಆಯಿತು. ಆದರೂ ಮನಸ್ಸು ಖಾಲಿ ಪಾತ್ರೆಯ ಹಾಗಿತ್ತು. ಅಕ್ಕ ಹೋದಂದಿನಿಂದ ಅವಳ ಸಂಜೆಗಳಿಗೆಲ್ಲ ಆ ಒಂದು ಉತ್ತರ ಜೊತೆಗಿತ್ತು: ಹುಡುಕುವಾಗಲೂ, ಸಿಕ್ಕಿದ ಮೇಲೆ ಬಚ್ಚಿಟ್ಟುಕೊಂಡಾಗಲೂ. ಈಗ ಅದನ್ನು ಕೊಡಬೇಕಾದವರಿಗೆ ಕೊಟ್ಟಾಗಿತ್ತು.

ಆಮೇಲೂ ಅವಳು ಟೂರ್ನಿಗಳಿಗೆ ಹೋದಳು. ಕೆಲವು ಗೆದ್ದಳು, ಕೆಲವು ಸೋತಳು. ಹೆಸರಿನ ಮುಂದೆ ಹೇಳಿಕೊಳ್ಳುವಂಥ ಬಿರುದೇನೂ ಸೇರಲಿಲ್ಲ. ಎದುರಾಳಿ ರಾಜನ ಕಾಲಾಳಿನಿಂದ ಶುರುಮಾಡಿದರೆ ಅವಳು ಬೇರೇನೋ ಉತ್ತರ ಆಡುತ್ತಿದ್ದಳು, ಆಟ ಆ ಹಳೆಯ ದಾರಿಗೆ ಹೊರಳದಂಥದ್ದು. ಅಕ್ಕ ಹೊಸ ಓಪನಿಂಗ್ ಕಲಿಯಲೇ ಇಲ್ಲ. ಮಂಡಿ, ಮನೆ, ಎದುರುಮನೆಯವಳು, ಇವುಗಳಲ್ಲೇ ಅವಳಿಗೆ ಹೊತ್ತು ಸರಿಯಾಗುತ್ತಿತ್ತು. ಫೋನ್ ಮಾತ್ರ ಮತ್ತೆ ದಿನಾ ಬರತೊಡಗಿತು. ಊಟದ ಹೊತ್ತಿಗೆ ಬರುತ್ತಿತ್ತು. ತಂಗಿ ಅದನ್ನು ಮೇಜಿನ ಮೇಲೆ ಜೋರಾಗಿ ಕೇಳುವ ಹಾಗೆ ಇಟ್ಟು, ಹೂಂ, ಹೂಂ ಎನ್ನುತ್ತ ಊಟ ಮಾಡುತ್ತಿದ್ದಳು. ಅಕ್ಕ ಫೋನಿಟ್ಟ ಮೇಲೆ ಫ್ರಿಜ್ಜಿನ ಸದ್ದು ಕೇಳುತ್ತಿತ್ತು. ಅವಳು ತಟ್ಟೆ ತೊಳೆದಿಟ್ಟು, ಮರುದಿನದ ಸೀರೆಗೆ ಇಸ್ತ್ರಿ ಹಾಕಿ, ಬಾಗಿಲ ಚಿಲಕ ಹಾಕಿಕೊಳ್ಳುತ್ತಿದ್ದಳು.